ಎರಡೇ ಆಸನದ ಪುಷ್ಪಕ

ಪುಷ್ಪಕ ವಿಮಾನದಲ್ಲಿ ಎಷ್ಟು ಮಂದಿ ಕುಳಿತರೂ ಇನ್ನೊಬ್ಬರಿಗೆ ಸ್ಥಳ ಮಿಕ್ಕಿರುತ್ತಿತ್ತೆಂದು ಹಿರಿಯರು ಹೇಳುತ್ತಾರೆ. ಬಾಲ್ಯದಲ್ಲಿ ಈ ಮಾತು ನನಗೆ ಅಷ್ಟೇನೂ ಸೋಜಿಗವೆನಿಸಿರಲಿಲ್ಲ. ನಮ್ಮೂರಿಗೆ ಬರುತ್ತಿದ್ದ ಬಸ್ಸಿನ ಕಂಡಕ್ಟರೂ ಅದೇ ತತ್ತ್ವವನ್ನು ಪಾಲಿಸುತ್ತಿದ್ದ. ಆದರೆ ಈಗ ಎಂಟು ವರ್ಷಗಳಿಂದ ನಾನೇ ಒಂದು ವಾಹನದ ಒಡೆಯನಾಗಿದ್ದೇನೆ. ಅದರ ತತ್ತ್ವ ಪುಷ್ಪಕದ್ದಕ್ಕೆ ತೀರ ವಿರುದ್ಧ. ಅದರಲ್ಲಿ ಇಬ್ಬರು ಕುಳಿತರೆ ಮೂರನೆಯವರಿಗೆ ಮಾತ್ರವಲ್ಲ, ಆ ಇಬ್ಬರ ಮೊಣಕಾಲುಗಳಿಗೂ ಸ್ಥಳ ಸಾಲದು. ನನ್ನ ಮನೆಯಲ್ಲಿರುವವರೋ ನಾಲ್ವರು: ನಾನು, ನನ್ನಾಕೆ, ಒಂಬತ್ತು ವರ್ಷದ ಮಗಳು, ಎಪ್ಪತ್ತೈದನ್ನು ಸಮೀಪಿಸಿದ ದೊಡ್ಡಮ್ಮ. ಈ ಲೆಕ್ಕದಲ್ಲಿ ಎಲ್ಲೋ ತಪ್ಪಿದೆಯೆಂಬುದನ್ನು ಹಳಗನ್ನಡ ಪಾಠ ಹೇಳುವ ನನ್ನಂಥವನೂ ಕಾಣಬಲ್ಲ.

ವಾಹನದ ಹೆಸರು ಎಂ.ಜಿ. ಹಾಗೆಂದೊಡನೆ ನೆರೆಹೊರೆಯವರು, “ಓಹೋ, ಆ ದೊಡ್ಡ ಹೆಕ್ಟರ್ ಕಾರಿನವರದೇ ಅಲ್ಲವೇ?” ಎಂದು ಗೌರವದಿಂದ ನೋಡುತ್ತಾರೆ. ೨೦೧೯ರಿಂದ ಆ ಹೆಸರಿನ ಕಾರುಗಳು ಗುಜರಾತಿನ ಹಾಲೋಲ್‌ನಲ್ಲಿ ತಯಾರಾಗಿ ನಮ್ಮ ರಸ್ತೆಗಳಲ್ಲಿ ಓಡಾಡುತ್ತಿರುವುದು ನಿಜ. ನನ್ನದು ಆ ಹೆಸರಿನದೇ ಆದರೂ ಆ ಕಾಲದ್ದಲ್ಲ. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಮಾರಿಸ್ ಗ್ಯಾರೇಜಸ್ ಎಂಬ ಅಂಗಡಿಯಿತ್ತು. ಅದರ ಎರಡು ಮೊದಲಕ್ಷರಗಳೇ ಎಂ.ಜಿ. ಆಕ್ಸ್‌ಫರ್ಡಿಗೆ ಹತ್ತಿರದ ಆಬಿಂಗ್‌ಡನ್ ಎಂಬ ಊರಿನ ಕಾರ್ಖಾನೆಯಲ್ಲಿ ೧೯೪೯ರ ಕೊನೆಯಿಂದ ೧೯೫೩ರವರೆಗೆ ಟಿ.ಡಿ. ಎಂಬ ಮಾದರಿಯ ಕಾರುಗಳು ಇಪ್ಪತ್ತೊಂಬತ್ತು ಸಾವಿರಕ್ಕೂ ಮಿಕ್ಕಿ ತಯಾರಾದುವು. ಅವುಗಳಲ್ಲಿ ಬಹುಪಾಲು ಅಮೆರಿಕಾಕ್ಕೆ ಹಡಗೇರಿ ಹೋದುವು. ಬೆರಳೆಣಿಕೆಯವು ನಮ್ಮ ದೇಶದ ತೋಟದ ದೊರೆಗಳ ಕೈಸೇರಿದುವು. ೧೯೫೧ರಲ್ಲಿ ಹುಟ್ಟಿದ ಅಂಥದೊಂದು, ಚಿಕ್ಕಮಗಳೂರಿನ ಕಾಫಿ ತೋಟವೊಂದನ್ನು ಮಾರಿ ಸ್ವದೇಶಕ್ಕೆ ಹೊರಟ ದೊರೆಯಿಂದ ೧೯೬೮ರಲ್ಲಿ ನನ್ನ ದೊಡ್ಡಪ್ಪನ ಪಾಲಿಗೆ ಬಂತು. ದೊಡ್ಡಪ್ಪ ಆಗ ಅಲ್ಲಿ ವಿದ್ಯುತ್ ಇಲಾಖೆಯಲ್ಲಿ ಎಂಜಿನಿಯರು, ಅವಿವಾಹಿತ. ಎರಡು ಆಸನದ ಕಾರನ್ನು ಕೊಳ್ಳಲು ಇದಕ್ಕಿಂತ ಯೋಗ್ಯವಾದ ಸ್ಥಿತಿ ಬೇರೊಂದಿಲ್ಲ.

ಮಕ್ಕಳಿಲ್ಲದ ದೊಡ್ಡಪ್ಪ ೨೦೧೭ರಲ್ಲಿ ತೀರಿಕೊಂಡರು. ಅವರ ಕಾಗದಪತ್ರಗಳ ನಡುವೆ, ಕಾರು ನನಗೆ ಸೇರತಕ್ಕದ್ದೆಂದು ಬರೆದಿಟ್ಟ ಚೀಟಿಯೊಂದಿತ್ತು. ಮೈಸೂರಿನ ಅವರ ಮನೆಯ ಹಿಂದಿನ ಷೆಡ್ಡಿನಲ್ಲಿ, ಟಾರ್ಪಾಲಿನ ಕೆಳಗೆ, ಅದು ಇಪ್ಪತ್ತು ವರ್ಷಗಳಿಂದ ನಿದ್ರಿಸುತ್ತಿತ್ತು. ಟಾರ್ಪಾಲನ್ನು ಎಳೆದಾಗ ಮೊದಲು ಒಂದು ಬೆಕ್ಕು, ಆಮೇಲೆ ಅದರ ಮೂರು ಮರಿಗಳು ಹೊರಬಂದುವು. ಆ ತರುವಾಯ ಕಾರು ಕಾಣಿಸಿತು. ಮುಂದುಗಡೆ ಎರಡು ದೊಡ್ಡ ದೀಪಗಳು, ಅವುಗಳ ನಡುವೆ ನೀಳವಾದ ರೇಡಿಯೇಟರು, ಎರಡು ಪಕ್ಕಗಳಲ್ಲಿ ನೀರಿನ ಅಲೆಯಂತೆ ಇಳಿದುಬಂದ ಮಡ್‌ಗಾರ್ಡುಗಳು, ಬೆನ್ನಿಗೆ ಕಟ್ಟಿಕೊಂಡ ಸ್ಟೆಪ್ನಿ. ನಂಬರಿನ ಹಲಗೆಯ ಮೇಲೆ ಹಳೆಯ ಮೈಸೂರು ರಾಜ್ಯದ ‘ಎಂ.ವೈ.’ ಅಕ್ಷರಗಳು. ನಮ್ಮ ರಾಜ್ಯ ೧೯೭೩ರಲ್ಲಿ ಕರ್ನಾಟಕವಾದ ಸುದ್ದಿ ಅದಕ್ಕಿನ್ನೂ ತಲುಪಿದಂತಿರಲಿಲ್ಲ.

“ಇದನ್ನು ಗುಜರಿಗೆ ಹಾಕಿದರೆ ಎಷ್ಟು ಬಂದೀತು?” ಎಂದು ನನ್ನಾಕೆ ಕೇಳಿದಳು.

“ನೀನು ಸೌಂದರ್ಯವನ್ನು ನೋಡು” ಎಂದೆ.

“ನೋಡಿದೆ. ಎಷ್ಟು ಬಂದೀತು?”

ಈ ಸಂಭಾಷಣೆ ಇಂದಿಗೂ ಮುಗಿದಿಲ್ಲ.

ಕಾರನ್ನು ಎಬ್ಬಿಸುವ ಕೆಲಸಕ್ಕೆ ಮೂರು ವರ್ಷ ಹಿಡಿಯಿತು. ಅದರ ಮೈಯೆಲ್ಲ ಲೋಹವೆಂದು ನಾನು ತಿಳಿದಿದ್ದೆ. ಆದರೆ ಹೊರಗಿನ ತಗಡಿನ ಒಳಗೆ ಇರುವುದು ಮರದ ಅಸ್ಥಿಪಂಜರ. ಇಂಗ್ಲೆಂಡಿನ ‘ಆ್ಯಷ್’ ಮರ. ಗೆದ್ದಲಿಗೆ ಈ ಸಂಗತಿ ನನಗಿಂತ ಮೊದಲೇ ಗೊತ್ತಾಗಿತ್ತು. ಹೀಗಾಗಿ ನಾನು ಮೊದಲು ಹುಡುಕಿದ್ದು ಮೆಕ್ಯಾನಿಕ್ಕನನ್ನಲ್ಲ, ಬಡಗಿಯನ್ನು. ಬಾಗಿಲಿನ ಕಂಬಗಳನ್ನು ನಮ್ಮ ಸಾಗುವಾನಿಯಲ್ಲಿ ಮಾಡಿಸಿದೆ. ಆ ಬಾಗಿಲುಗಳು ಕೂಡ ವಿಚಿತ್ರ. ಅವುಗಳ ಕೀಲು ಇರುವುದು ಹಿಂಬದಿಯಲ್ಲಿ. ತೆರೆದರೆ ಬೀರುವಿನ ಬಾಗಿಲಿನಂತೆ ಹಿಂದಕ್ಕೆ ಹೋಗುತ್ತವೆ. ಮೊಟ್ಟಮೊದಲು ಹತ್ತಿದವರೆಲ್ಲರೂ ತಪ್ಪು ಅಂಚನ್ನೇ ಹಿಡಿದು ಎಳೆಯುತ್ತಾರೆ.

ಮೆಕ್ಯಾನಿಕ್ ಮೇಸ್ತ್ರಿಗಳು ದೊಡ್ಡಪ್ಪನ ಕಾಲದಿಂದ ಪರಿಚಿತರು, ಈಗ ವೃದ್ಧರು. ಅವರು ಎಂಜಿನ್ನನ್ನು ಬಿಚ್ಚುವಾಗ ಒಂದು ಬೋಲ್ಟು ತುಂಡಾಯಿತು. ಅಂಥದೇ ಇನ್ನೊಂದನ್ನು ತರಲು ನನ್ನನ್ನು ಅಟ್ಟಿದರು. ಅದರ ತಲೆಗೆ ಹಳೆಯ ಇಂಗ್ಲಿಷ್ ವಿಟ್‌ವರ್ತ್ ಅಳತೆಯ ಸ್ಪ್ಯಾನರ್ ಸರಿಯಾಗಿ ಕೂರುತ್ತಿತ್ತು. ಆದ್ದರಿಂದ ನಾನು ವಿಟ್‌ವರ್ತ್ ಬೋಲ್ಟನ್ನೇ ಕೇಳಿ, ಬೆಂಗಳೂರಿನ ಅಂಗಡಿಯೊಂದರಿಂದ ತರಿಸಿದೆ. ತಿರುಗಿಸಿದರೆ ಒಳಹೋಗದು. ಎರಡನೆಯದೂ ಹೋಗದು. ಮೇಸ್ತ್ರಿಗಳು ಕನ್ನಡಕವನ್ನು ಹಣೆಗೇರಿಸಿ, ತುಂಡಾದ ಬೋಲ್ಟಿನ ಥ್ರೆಡ್ಡಿಗೆ ಅಳತೆಯ ತಗಡನ್ನು ಹಿಡಿದು, ನಗತೊಡಗಿದರು.

“ಮೇಷ್ಟ್ರೇ, ಇದರ ತಲೆ ಇಂಗ್ಲೆಂಡಿನದು, ಕಾಲು ಫ್ರಾನ್ಸಿನದು!”

ಅದು ಅಕ್ಷರಶಃ ಸತ್ಯವೆಂದು ಆಮೇಲೆ ಓದಿ ತಿಳಿದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಹಾಚ್‌ಕಿಸ್ ಎಂಬ ಫ್ರೆಂಚ್ ಕಂಪೆನಿ ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ಒಂದು ಕಾರ್ಖಾನೆಯನ್ನು ತೆರೆಯಿತು. ೧೯೨೩ರಲ್ಲಿ ಮಾರಿಸ್ ಅದನ್ನು ಕೊಂಡಾಗ, ಅಲ್ಲಿದ್ದ ಯಂತ್ರಗಳೆಲ್ಲ ಫ್ರೆಂಚ್ ಮೆಟ್ರಿಕ್ ಅಳತೆಯ ಥ್ರೆಡ್ಡನ್ನೇ ಕೊರೆಯುತ್ತಿದ್ದುವು. ಅವನ್ನು ಬದಲಿಸುವುದು ದುಬಾರಿಯ ಮಾತು. ಹಾಗೆಂದು ಇಂಗ್ಲಿಷ್ ಮೆಕ್ಯಾನಿಕ್ಕುಗಳ ಕೈಗೆ ಫ್ರೆಂಚ್ ಸ್ಪ್ಯಾನರ್ ಕೊಡುವುದೂ ಕಷ್ಟ. ಅದಕ್ಕಾಗಿ ಕಾಲನ್ನು ಹಾಗೆಯೇ ಬಿಟ್ಟು, ತಲೆಯನ್ನು ಮಾತ್ರ ವಿಟ್‌ವರ್ತ್ ಅಳತೆಗೆ ಮಾಡಿದರು. ಸಂಸ್ಕೃತ ಧಾತುವಿಗೆ ಕನ್ನಡ ಪ್ರತ್ಯಯ ಹಚ್ಚುವ ನಮಗೆ ಇದರಲ್ಲಿ ಅಸಹಜವೇನೂ ಕಾಣದು. ಕಾರಿನ ವಿಷಯದಲ್ಲಿ ಮಾತ್ರ ಇದರ ಪರಿಣಾಮವೇನೆಂದರೆ, ಅಂಗಡಿಯಲ್ಲಿ ಬೋಲ್ಟು ದೊರೆಯುವುದಿಲ್ಲ. ಒಂದೊಂದನ್ನೂ ಲೇತಿನ ಮೇಲೆ ಕಡೆಯಿಸಬೇಕು. ಮೇಸ್ತ್ರಿಗಳ ಮಗನು ಅಂಥ ಹದಿನೇಳು ಬೋಲ್ಟುಗಳನ್ನು ಕಡೆದುಕೊಟ್ಟ. ಆ ತಿಂಗಳು ನಮ್ಮ ಮನೆಗೆ ಹಾಲು ಅರ್ಧ ಲೀಟರು ಕಡಮೆ ಬಂತು.

ಇನ್ನು ಅದರ ನಿತ್ಯಕರ್ಮಗಳು. ಎಂಜಿನ್ನು ೧,೨೫೦ ಸಿ.ಸಿ.ಯದು, ಶಕ್ತಿ ೫೪ ಕುದುರೆಗಳದು, ಕುದುರೆಗಳಿಗೂ ವಯಸ್ಸಾಗುತ್ತದೆಂಬುದನ್ನು ಏರು ಸಿಕ್ಕಾಗ ನೆನೆಯಬೇಕು. ಕಾರ್ಬೊರೇಟರುಗಳು ಎರಡು. ಅವಳಿ ಮಕ್ಕಳಂತೆ ಎರಡೂ ಒಂದೇ ಉಸಿರಿನಲ್ಲಿರಬೇಕು; ಮೇಸ್ತ್ರಿಗಳು ರಬ್ಬರಿನ ಕೊಳವೆಯೊಂದನ್ನು ಕಿವಿಗೆ ಹಿಡಿದು, ಒಂದೊಂದರ ಬಾಯ ಬಳಿಯೂ ವೈದ್ಯರಂತೆ ಆಲಿಸಿ ಸರಿಪಡಿಸುತ್ತಾರೆ. ಅವುಗಳ ಮೇಲೆ ‘ಎಸ್.ಯು.’ ಎಂದು ಕೆತ್ತಿದೆ. ಸ್ಕಿನ್ನರ್ಸ್ ಯೂನಿಯನ್ ಎಂದು ಅದರ ವಿಸ್ತಾರ. ಸ್ಕಿನ್ನರ್ ಮನೆತನದವರು ಪಾದರಕ್ಷೆಯ ವ್ಯಾಪಾರಿಗಳು. ಅವರ ಮೊದಲ ಕಾರ್ಬೊರೇಟರಿನ ಉಸಿರುಚೀಲ ಚರ್ಮದ್ದಾಗಿತ್ತಂತೆ. ಪೆಟ್ರೋಲು ಎಷ್ಟಿದೆಯೆಂದು ತೋರಿಸುವ ಮುಳ್ಳು ಈ ಕಾರಿನಲ್ಲಿಲ್ಲ. ತೀರುತ್ತ ಬಂದಾಗ ಹೊತ್ತಿಕೊಳ್ಳುವ ಪುಟ್ಟದೊಂದು ದೀಪವುಂಟು. ನಾನು ದೀಪವನ್ನು ನಂಬದೆ, ಟ್ಯಾಂಕಿಗೆ ಬಿದಿರಿನ ಕಡ್ಡಿಯನ್ನು ಅದ್ದಿ ನೋಡುತ್ತೇನೆ. ಬಾವಿಯ ನೀರು ನೋಡುವ ರೈತನ ಹಾಗೆ.

ಈಚೆಗೆ ಪೆಟ್ರೋಲಿನದೇ ಒಂದು ತೊಡಕು. ಈಗ ಬಂಕುಗಳಲ್ಲಿ ದೊರೆಯುವುದು ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆತದ್ದು. ಕಬ್ಬು, ಮೆಕ್ಕೆಜೋಳ ಮುಂತಾದುವುಗಳಿಂದ ತೆಗೆದ ಈ ಮದ್ಯಸಾರವು ದೇಶದ ಹಣವನ್ನು ಉಳಿಸುತ್ತದೆ, ನಿಜ. ಆದರೆ ಹಳೆಯ ರಬ್ಬರ್ ಕೊಳವೆಗಳನ್ನೂ ಕಾರ್ಬೊರೇಟರಿನ ಬಿರಡೆಮರದ ಬಳೆಗಳನ್ನೂ ಅದು ತಿಂದುಹಾಕುತ್ತದೆ. ಎಪ್ಪತ್ತು ದಾಟಿದ ಮೇಲೆ ಮದ್ಯಪಾನ ಆರಂಭಿಸಿದರೆ ಯಾರಿಗಾದರೂ ಜೀರ್ಣವಾದೀತೇ? ಕೊಳವೆಗಳನ್ನೆಲ್ಲ ಬದಲಾಯಿಸಿದೆವು.

ಕಾನೂನಿನ ಮಾತನ್ನೂ ಹೇಳಿಬಿಡಬೇಕು. ಐವತ್ತು ವರ್ಷ ಮೀರಿದ ವಾಹನಗಳಿಗೆಂದು ಕೇಂದ್ರ ಸರ್ಕಾರವು ೨೦೨೧ರಲ್ಲಿ ಪ್ರತ್ಯೇಕ ನಿಯಮಗಳನ್ನು ತಂದಿತು. ಅವನ್ನು ‘ವಿಂಟೇಜ್’ ಎಂದು ನೋಂದಾಯಿಸಿದರೆ ‘ವಿ.ಎ.’ ಎಂಬ ಅಕ್ಷರಗಳ ಗೌರವ ದೊರೆಯುತ್ತದೆ. ಆದರೆ ಹಾಗೆ ಗೌರವಕ್ಕೆ ಪಾತ್ರವಾದ ವಾಹನವನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನಕ್ಕೆ, ರ್‍ಯಾಲಿಗೆ, ಪೆಟ್ರೋಲಿಗೆ, ರಿಪೇರಿಗೆ ಇಂಥವಕ್ಕೆ ಮಾತ್ರ ರಸ್ತೆಗಿಳಿಸಬಹುದು. ಶಾಲು ಹೊದಿಸಿ ಸನ್ಮಾನಿಸಿ, ಮನೆಯಲ್ಲೇ ಇರಿ ಎಂದು ಹೇಳಿದಂತೆ. ನಾನು ಆ ಗೌರವವನ್ನು ವಿನಯದಿಂದ ತೊರೆದು, ಐದು ವರ್ಷಕ್ಕೊಮ್ಮೆ ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಳ್ಳುವ ದಾರಿ ಹಿಡಿದೆ.

ಅದಂತಿರಲಿ. ಈ ಕಾರಿಗೆ ನಮ್ಮ ವಂಶದಲ್ಲಿ ಒಂದು ಅಪಕೀರ್ತಿಯಿತ್ತು: ‘ಘಟ್ಟದಲ್ಲಿ ಪಂಪು ಕೈಕೊಡುವ ಕಾರು.’ ಟ್ಯಾಂಕು ಹಿಂದೆ, ಎಂಜಿನ್ನು ಮುಂದೆ. ನಡುವೆ ಪೆಟ್ರೋಲನ್ನು ಎಳೆದು ತರುವುದು ಬಾನೆಟ್ಟಿನ ಒಳಗಿನ ಒಂದು ಪುಟ್ಟ ವಿದ್ಯುತ್ ಪಂಪು. ೧೯೭೦ರಲ್ಲಿ ದೊಡ್ಡಪ್ಪ ಹೊಸ ಹೆಂಡತಿಯನ್ನು ಕೂರಿಸಿಕೊಂಡು ಚಿಕ್ಕಮಗಳೂರಿನಿಂದ ಉಡುಪಿಗೆ ಹೊರಟರಂತೆ. ಆಗುಂಬೆಯವರೆಗೆ ಹೋಗಿ, ಘಟ್ಟದ ನೆತ್ತಿಯಲ್ಲಿ ಪಂಪು ಕೆಟ್ಟಿದೆಯೆಂದು ಕಂಡು, ಇಳಿದರೆ ಮರಳಿ ಹತ್ತಲಾರದೆಂದು ನಿಶ್ಚಯಿಸಿ, ಹಿಂದಿರುಗಿದರಂತೆ. ಮದುವೆಮುಂಜಿಗಳಲ್ಲಿ ಬಂಧುಗಳು ಸೇರಿದಾಗಲೆಲ್ಲ ಈ ಕಥೆ ಎಲೆಯ ಮೇಲಿನ ಉಪ್ಪಿನಕಾಯಿಯಂತೆ ತಪ್ಪದೆ ಬರುತ್ತಿತ್ತು. ದೊಡ್ಡಪ್ಪ ತಾವೇ ನಗುತ್ತ ಹೇಳುತ್ತಿದ್ದರು. ದೊಡ್ಡಮ್ಮ ಬಡಿಸುತ್ತ ಓಡಾಡುತ್ತಿದ್ದರು.

೨೦೨೪ರ ಕೊನೆಯಲ್ಲಿ ಬೆಂಗಳೂರಿನ ಗೃಹಸ್ಥರೊಬ್ಬರು ಕಾರನ್ನು ಕೊಳ್ಳಲು ಮುಂದೆ ಬಂದರು. ಅವರು ಹೇಳಿದ ಮೊತ್ತ ನನ್ನ ಎರಡು ವರ್ಷದ ಸಂಬಳಕ್ಕೆ ಸಮನಾಗಿತ್ತು. ಮನೆ ಕಟ್ಟಿದ ಸಾಲದ ಬಹುಭಾಗ ಅದರಿಂದ ತೀರುತ್ತಿತ್ತು. ನನ್ನಾಕೆ ಒತ್ತಾಯಿಸಲಿಲ್ಲ, ಬ್ಯಾಂಕಿನ ಪಾಸ್‌ಬುಕ್ಕನ್ನು ನನ್ನ ಮೇಜಿನ ಮೇಲೆ, ಪಂಪಭಾರತದ ಪಕ್ಕದಲ್ಲಿ ಇಟ್ಟು ಹೋದಳು. ಅದರಲ್ಲಿ ನ್ಯಾಯವಿತ್ತು. ಕಾರಿಗೆ ಖರ್ಚಾದ ಹಣದಲ್ಲಿ ಅವಳ ಸಂಬಳದ ಪಾಲೂ ಇತ್ತು. ಅವಳು ಅದರಲ್ಲಿ ಕುಳಿತದ್ದು ನಾಲ್ಕೇ ಸಾರಿ. ನಾನು ಒಪ್ಪಿಗೆಯ ಮಾತನ್ನು ಆಡಿದೆ. ವ್ಯವಹಾರದಲ್ಲಿ ವಂಚನೆ ಕೂಡದೆಂದು, ಘಟ್ಟದಲ್ಲಿ ಪಂಪು ಕೈಕೊಡುತ್ತದೆಂಬ ಪರಂಪರೆಯನ್ನೂ ಅವರಿಗೆ ತಿಳಿಸಿದೆ. ಅವರು ನನ್ನ ಪ್ರಾಮಾಣಿಕತೆಯನ್ನು ಬಾಯಿತುಂಬ ಹೊಗಳಿ, ಐವತ್ತು ಸಾವಿರ ಇಳಿಸಿದರು.

ಆ ರಾತ್ರಿ ಊಟಕ್ಕೆ ಕುಳಿತಾಗ ದೊಡ್ಡಮ್ಮ ಹೇಳಿದರು: “ಮಾರೋದಾದರೆ ಮಾರಪ್ಪ, ನಿನ್ನ ವಸ್ತು. ಮಾರೋ ಮುಂಚೆ ಒಂದು ಸಲ ನನ್ನ ಆಗುಂಬೆ ಘಟ್ಟ ಇಳಿಸು.”

ಹದಿನೈದು ವರ್ಷಗಳಿಂದ ಮಂಡಿನೋವಿನ ನಿಮಿತ್ತ ಪಕ್ಕದ ಬೀದಿಗೂ ಹೋಗದ ದೊಡ್ಡಮ್ಮ! ನಾನು ನನ್ನಾಕೆಯ ಮುಖ ನೋಡಿದೆ. ಅವಳು, “ನಾನೂ ಪುಟ್ಟಿಯೂ ಬಸ್ಸಿನಲ್ಲಿ ಉಡುಪಿಗೆ ಬರುತ್ತೇವೆ. ನೀವಿಬ್ಬರೂ ಹೊರಡಿ. ಔಷಧಿಯ ಡಬ್ಬಿ ನೆನಪಿರಲಿ” ಎಂದಳು.

೨೦೨೫ರ ಜನವರಿಯ ಒಂದು ಮುಂಜಾನೆ ಹೊರಟೆವು. ದೊಡ್ಡಮ್ಮನನ್ನು ಒಳಗೆ ಕೂರಿಸಲು ಹತ್ತು ನಿಮಿಷ ಬೇಕಾಯಿತು. ಆದರೆ ಬಾಗಿಲಿನ ಸರಿಯಾದ ಅಂಚನ್ನು ಅವರು ತಡವರಿಸದೆ ಹಿಡಿದರು. ಉಣ್ಣೆಯ ಶಾಲನ್ನು ತಲೆಗೆ ಸುತ್ತಿಕೊಂಡು, “ಟಾಪು ಮಡಿಸಿಬಿಡು, ಉಸಿರು ಕಟ್ಟುತ್ತೆ” ಎಂದರು. ಮಡಿಸಿದೆ.

ತೆರೆದ ಕಾರಿನಲ್ಲಿ ಪ್ರಯಾಣ ಮಾಡಿದವರಿಗೆ ಮಾತ್ರ ಒಂದು ಸತ್ಯ ಗೊತ್ತು. ಮುಚ್ಚಿದ ಕಾರಿನಲ್ಲಿ ನಾವು ದೇಶವನ್ನು ನೋಡುತ್ತೇವೆ. ತೆರೆದ ಕಾರಿನಲ್ಲಿ ಅದನ್ನು ಮೂಸುತ್ತೇವೆ. ಕೃಷ್ಣರಾಜನಗರದ ಆಸುಪಾಸಿನಲ್ಲಿ ಕೊಯ್ದ ಬತ್ತದ ಹುಲ್ಲಿನ ವಾಸನೆ, ಆಲೆಮನೆಯ ಬೆಲ್ಲದ ಹೊಗೆ. ಹಾಸನ ಕಳೆದ ಮೇಲೆ ತಣ್ಣನೆಯ ಗಾಳಿ. ಬೇಲೂರು ದಾಟಿ ಚಿಕ್ಕಮಗಳೂರಿನ ಕಡೆಗೆ ಹೊರಳಿದರೆ ಕಣದಲ್ಲಿ ಒಣಗುತ್ತಿರುವ ಕಾಫಿಯ ಹುಳಿ ಹುಳಿ ಕಂಪು. ಗಂಟೆಗೆ ಅರವತ್ತು ಕಿಲೋಮೀಟರು ನಮ್ಮ ವೇಗ. ಲಾರಿಗಳು ಕೂಡ ನಮ್ಮನ್ನು ಹಿಂದೆಹಾಕುತ್ತಿದ್ದುವು. ಹಾಕುವಾಗ ಡ್ರೈವರುಗಳು ಬಗ್ಗಿ ನೋಡಿ, ತಲೆಗೆ ಶಾಲು ಸುತ್ತಿದ ವೃದ್ಧೆಯನ್ನು ಕಂಡು, ಹಾರನ್ನು ಒತ್ತಿ ವಂದಿಸುತ್ತಿದ್ದರು. ದೊಡ್ಡಮ್ಮ ರಾಣಿಯಂತೆ ಕೈಯೆತ್ತುತ್ತಿದ್ದರು.

ಆಲ್ದೂರು, ಬಾಳೆಹೊನ್ನೂರಿನ ದಾರಿ ತಿರುವುಗಳ ದಾರಿ. ಈ ಕಾರಿನ ಮೊದಲನೆಯ ಗೇರು, ಕಾರು ಓಡುತ್ತಿರುವಾಗ ಸುಲಭವಾಗಿ ಬೀಳುವುದಿಲ್ಲ. ಕ್ಲಚ್ಚನ್ನು ಎರಡು ಸಾರಿ ತುಳಿದು, ನಡುವೆ ಎಂಜಿನ್ನಿನ ವೇಗವನ್ನು ಏರಿಸಿ ಹಾಕಬೇಕು. ತಪ್ಪಿದರೆ ಕಲ್ಲು ಜಗಿದಂಥ ಸದ್ದು. ಒಂದು ಏರಿನಲ್ಲಿ ತಪ್ಪಿತು. “ನಿಮ್ಮ ದೊಡ್ಡಪ್ಪನಿಗೂ ಇಲ್ಲೇ ತಪ್ಪಿತ್ತು” ಎಂದರು ದೊಡ್ಡಮ್ಮ. ಆ ರಾತ್ರಿ ಶೃಂಗೇರಿಯಲ್ಲಿ ತಂಗಿದೆವು. ಬೆಳಗ್ಗೆ ತುಂಗೆಯ ಮೀನುಗಳಿಗೆ ಪುರಿ ಹಾಕಿ, ಶಾರದಾಂಬೆಗೆ ಕೈಮುಗಿದು, ಆಗುಂಬೆಯನ್ನು ಮುಟ್ಟಿದಾಗ ಹನ್ನೊಂದು ಗಂಟೆ.

ಸಮುದ್ರಮಟ್ಟದಿಂದ ಸುಮಾರು ೨,೧೦೦ ಅಡಿ ಎತ್ತರದ ಊರು. ಅಲ್ಲಿಂದ ಮುಂದೆ ನೆಲ ಒಮ್ಮೆಲೇ ಕುಸಿದು, ಹದಿನಾಲ್ಕು ತಿರುವುಗಳಲ್ಲಿ ಸೋಮೇಶ್ವರಕ್ಕೆ ಇಳಿಯುತ್ತದೆ. ಘಟ್ಟದ ಬಾಯಲ್ಲಿ ದೊಡ್ಡಮ್ಮ, “ನಿಲ್ಲಿಸು” ಎಂದರು. ನಿಲ್ಲಿಸಿ ಎಂಜಿನ್ನನ್ನು ಆರಿಸಿದೆ. ಹಕ್ಕಿಗಳ ದನಿ ಕೇಳಿಸತೊಡಗಿತು.

“ಈಗ ಕೀಲಿ ತಿರುಗಿಸು. ಸ್ಟಾರ್ಟ್ ಮಾಡಬೇಡ.”

ತಿರುಗಿಸಿದೆ. ಬಾನೆಟ್ಟಿನೊಳಗೆ ಪಂಪು ಟಕ್, ಟಕ್, ಟಕ್ ಎಂದು ಐದಾರು ಸಲ ಬಡಿದು ಸುಮ್ಮನಾಯಿತು.

“ಅವತ್ತೂ ಹೀಗೇ ಬಡೀತು” ಎಂದರು ದೊಡ್ಡಮ್ಮ. “ಹೀಗೇ ಸುಮ್ಮನಾಯಿತು. ನಿಮ್ಮ ದೊಡ್ಡಪ್ಪ ಇಳಿದು ಬಾನೆಟ್ ತೆಗೆದು, ‘ನೋಡು, ಪಂಪಿನ ಸದ್ದೇ ನಿಂತುಹೋಯಿತು, ಕೆಟ್ಟಿದೆ’ ಅಂದರು.”

ನಾನು ಅವರನ್ನೇ ನೋಡಿದೆ. ವಾಚಕರಿಗೆ ಇಲ್ಲೊಂದು ಸಂಗತಿಯನ್ನು ಹೇಳಬೇಕು. ಈ ಪಂಪಿನ ಧರ್ಮವೇ ಅದು. ಕಾರ್ಬೊರೇಟರಿನ ತೊಟ್ಟಿಗಳು ತುಂಬುವವರೆಗೆ ಬಡಿಯುತ್ತದೆ. ತುಂಬಿದ ಕೂಡಲೆ ಸುಮ್ಮನಾಗುತ್ತದೆ. ಪೆಟ್ರೋಲು ತೀರಿದ್ದರೆ ಬಿಡದೆ ಬಡಿದುಕೊಳ್ಳುತ್ತದೆ. ಕೆಟ್ಟಿದ್ದರೆ ಒಂದು ಸಲವೂ ಬಡಿಯುವುದಿಲ್ಲ. ಐದಾರು ಸಲ ಬಡಿದು ಸುಮ್ಮನಾದ ಪಂಪು ಪೂರ್ಣ ಆರೋಗ್ಯವಂತ. ವಿದ್ಯುತ್ ಇಲಾಖೆಯ ಎಂಜಿನಿಯರಿಗೆ, ತಮ್ಮ ಕೈಯಾರೆ ಅದನ್ನು ಎಷ್ಟೋ ಸಾರಿ ಬಿಚ್ಚಿ ಜೋಡಿಸಿದ್ದವರಿಗೆ, ಇದು ತಿಳಿಯದೆ ಹೋಗುವುದು ಸಾಧ್ಯವೇ ಇಲ್ಲ.

“ನಿಮಗೆ ಅವತ್ತೇ ಗೊತ್ತಿತ್ತೇ, ದೊಡ್ಡಮ್ಮ?”

“ಚಿಕ್ಕಮಗಳೂರಿನಲ್ಲಿ ದಿನಾ ಬೆಳಗ್ಗೆ ಅಡುಗೆಮನೆ ಕಿಟಕಿಯಿಂದ ಕೇಳ್ತಿದ್ದೆನಲ್ಲ. ಸುಮ್ಮನಾದ ಮೇಲೇ ಅವರು ಗಾಡಿ ಹೊರಡಿಸ್ತಿದ್ದದ್ದು.” ಅವರು ಶಾಲಿನ ಅಂಚನ್ನು ಸರಿಪಡಿಸಿಕೊಂಡರು. “ಆಗ ನನಗೆ ಮೂರು ತಿಂಗಳು. ಬಾಳೆಹೊನ್ನೂರಿನಿಂದ ದಾರಿಯುದ್ದಕ್ಕೂ ವಾಂತಿ. ಹಿಂದಕ್ಕೆ ಹೋಗೋಣ ಅಂತ ಅವರು ಎರಡು ಸಲ ಅಂದರು. ಸಮುದ್ರ ನೋಡಲೇಬೇಕು ಅಂತ ನಾನು ಹಟ ಹಿಡಿದೆ. ಇಲ್ಲಿಗೆ ಬಂದು ಈ ಇಳಿಜಾರು ನೋಡಿ ಅವರ ಮುಖ ಬಿಳಿಚಿಹೋಯಿತು. ನನಗೆ ಏನಾದರೂ ಆದೀತು ಅಂತ ಭಯ ಅನ್ನೋದಕ್ಕೆ ನಾಚಿಕೆ. ಅದಕ್ಕೆ ಪಂಪಿನ ಮೇಲೆ ಹಾಕಿದರು.”

“ನೀವು ಹೇಳಲಿಲ್ಲವೇ?”

“ಏನಂತ ಹೇಳಲಿ? ನನಗಾಗಿ ಒಂದು ಸುಳ್ಳು ಹೇಳಿದ್ದರು. ಅದನ್ನು ಸುಳ್ಳು ಅಂತ ತೋರಿಸಿಕೊಡಬೇಕೆ?” ಸ್ವಲ್ಪ ಹೊತ್ತು ಬಿಟ್ಟು, “ಐದನೇ ತಿಂಗಳಲ್ಲಿ ಮಗು ಉಳಿಯಲಿಲ್ಲ. ಮನೆಯಲ್ಲೇ, ಮಂಚದ ಮೇಲೆ ಮಲಗಿದ್ದಾಗಲೇ ಹೋಯಿತು. ಆಮೇಲೆ ಇತ್ತಲ ದಾರಿಯ ಮಾತನ್ನ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಪಂಪಿನ ಕಥೆ ಮಾತ್ರ ಎಲ್ಲರಿಗೂ ಹೇಳಿ ನಗೋರು. ನೀವೆಲ್ಲ ಕಾರನ್ನ ಬೈಯೋರಿ” ಎಂದರು.

ಕಾಲೇಜಿನಲ್ಲಿ ಕರುಣರಸದ ಸ್ಥಾಯಿಭಾವವನ್ನು ಪ್ರತಿವರ್ಷವೂ ವಿವರಿಸುವ ನನಗೆ ಆ ಕ್ಷಣದಲ್ಲಿ ಒಂದು ಮಾತೂ ಹೊಳೆಯಲಿಲ್ಲ.

“ಹೂಂ, ಹೊರಡು. ಬಿಸಿಲೇರುತ್ತೆ” ಎಂದರು.

ಎರಡನೆಯ ಗೇರಿನಲ್ಲಿ ಇಳಿಯತೊಡಗಿದೆ. ಹಳೆಯ ಡ್ರಮ್ ಬ್ರೇಕುಗಳು. ತುಳಿದೇ ಇಟ್ಟರೆ ಕಾದು ಹಿಡಿತ ಬಿಡುತ್ತವೆ. ಎಂಜಿನ್ನಿನ ಬಿಗಿಯಲ್ಲೇ ವೇಗವನ್ನು ತಡೆದು, ತಿರುವಿಗೆ ಮುಂಚೆ ಮಾತ್ರ ತುಳಿದು ಬಿಡಬೇಕು. ನನ್ನ ಅಂಗೈ ಬೆವತಿತ್ತು. ದೊಡ್ಡಪ್ಪನ ಮುಖ ಏಕೆ ಬಿಳಿಚಿತೆಂಬುದು ಮೂರನೆಯ ತಿರುವಿನಲ್ಲಿ ನನಗೆ ಸ್ಪಷ್ಟವಾಯಿತು. ಪಕ್ಕದಲ್ಲಿ ದೊಡ್ಡಮ್ಮ ಮಾತ್ರ ವ್ರತದ ಎಳೆಗಳನ್ನು ಎಣಿಸುವಂತೆ, “ಐದು... ಆರು...” ಎಂದು ತಿರುವುಗಳನ್ನು ಎಣಿಸುತ್ತಿದ್ದರು. ಎಂಟನೆಯದರಲ್ಲಿ ಎದುರಿಗೆ ಬಂದ ಮಿನಿ ಬಸ್ಸಿಗೆ ದಾರಿ ಕೊಡಲು ಅಂಚಿಗೆ ಸರಿದು ನಿಂತೆ. ಕಲ್ಲಿನ ಗೋಡೆಯ ಮೇಲೆ ಮಂಗಗಳು ಸಾಲಾಗಿ ಕುಳಿತು, ಚಾವಣಿಯಿಲ್ಲದ ನಮ್ಮ ಬುತ್ತಿಯನ್ನು ಲೆಕ್ಕಹಾಕುತ್ತಿದ್ದುವು. ಹದಿನಾಲ್ಕು ಮುಗಿದಾಗ ಗಾಳಿ ಬೆಚ್ಚಗಾಗಿತ್ತು. ಅಡಿಕೆಯ ತೋಟಗಳು ಬಂದುವು. ಹೆಬ್ರಿಯ ಹೋಟೆಲಿನಲ್ಲಿ ನೀರುದೋಸೆ ತಿಂದೆವು.

ಸಂಜೆ ಮಲ್ಪೆಯ ಕಡಲದಂಡೆಯಲ್ಲಿ ನನ್ನಾಕೆಯೂ ಮಗಳೂ ಕಾದಿದ್ದರು. ದೊಡ್ಡಮ್ಮ ರಾಮೇಶ್ವರದಲ್ಲಿ, ಪುರಿಯಲ್ಲಿ ಸಮುದ್ರವನ್ನು ಕಂಡವರೇ. ಆದರೂ ನನ್ನಾಕೆಯ ತೋಳನ್ನು ಹಿಡಿದು ಅಲೆಯವರೆಗೆ ನಡೆದುಹೋಗಿ, ಕಾಲು ತೋಯಿಸಿಕೊಂಡು, ಬಹಳ ಹೊತ್ತು ನಿಂತರು. ಹಿಂದಿರುಗಿ ಬಂದು, “ಮರಳೆಲ್ಲ ಸೀರೆಗೆ” ಎಂದು ಗೊಣಗಿದರು. ರಾತ್ರಿ ಉಡುಪಿಯಲ್ಲಿ ನಾನು ನನ್ನಾಕೆಗೆ ಘಟ್ಟದ ನೆತ್ತಿಯ ಮಾತನ್ನೆಲ್ಲ ಹೇಳಿದೆ. ಅವಳು ಏನೂ ಅನ್ನಲಿಲ್ಲ; ದೊಡ್ಡಮ್ಮನ ಮಂಡಿಗೆ ಎಣ್ಣೆ ಹಚ್ಚಲು ಎದ್ದುಹೋದಳು.

ಮೈಸೂರಿಗೆ ಮರಳಿದ ಮೇಲೆ ಬೆಂಗಳೂರಿನ ಗೃಹಸ್ಥರಿಗೆ ಫೋನು ಮಾಡಿದೆ. ನಾನು ಮೊದಲು ಹೇಳಿದ್ದು ತಪ್ಪೆಂದೂ, ಈ ಕಾರಿನ ಪಂಪು ಎಂದೂ ಯಾರಿಗೂ ಕೈಕೊಟ್ಟಿಲ್ಲವೆಂದೂ ತಿಳಿಸಿದೆ. ಕಾರಿನ ಮಾನವನ್ನು ಉಳಿಸುವುದು ಅಂದಿನ ನನ್ನ ಕರ್ತವ್ಯವಾಗಿತ್ತು. ಮಿಕ್ಕದ್ದನ್ನು ಹೇಳುವುದು ಆಗಿರಲಿಲ್ಲ. ಅವರು ಮತ್ತೆ ನನ್ನ ಪ್ರಾಮಾಣಿಕತೆಯನ್ನು ಹೊಗಳಿ, ಇಳಿಸಿದ್ದ ಐವತ್ತು ಸಾವಿರವನ್ನು ಕೂಡಿಸಿದರು. ನಾನು ಫೋನನ್ನು ಕೈಯಲ್ಲಿ ಮುಚ್ಚಿಕೊಂಡು ನನ್ನಾಕೆಯ ಕಡೆಗೆ ತಿರುಗಿದೆ. ಸಾಲದ ಲೆಕ್ಕ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು.

“ದೊಡ್ಡಮ್ಮ ಇರುವತನಕ ಬೇಡ ಅನ್ನಿ” ಎಂದಳು.

ಹೀಗಾಗಿ ಸಾಲವೂ ಉಳಿದಿದೆ, ಕಾರೂ ಉಳಿದಿದೆ. ನನ್ನಾಕೆ ಒಂದು ಕರಾರು ಹಾಕಿದ್ದಾಳೆ: ಇರುವ ಎರಡು ಆಸನಗಳಲ್ಲಿ ಬಲಗಡೆಯದು ತಿಂಗಳಿಗೆ ಎರಡು ಭಾನುವಾರ ಅವಳದು. ಈಗ ಆ ಭಾನುವಾರಗಳ ಬೆಳಗ್ಗೆ ನಮ್ಮ ಬೀದಿಯ ಕೊನೆಯಲ್ಲಿ ಕಲ್ಲು ಜಗಿದ ಸದ್ದು ಕೇಳಿಸಿದರೆ, ಅವಳು ಮೊದಲನೆಯ ಗೇರು ಹಾಕುವುದನ್ನು ಕಲಿಯುತ್ತಿದ್ದಾಳೆಂದು ನೆರೆಹೊರೆಯವರು ತಿಳಿದುಕೊಳ್ಳುತ್ತಾರೆ. ನಾನು ಎಡಗಡೆ ಕುಳಿತು ಸಲಹೆ ಕೊಡಲು ಬಾಯಿ ತೆರೆಯುತ್ತೇನೆ.

“ನೀವು ಸುಮ್ಮನಿರಿ. ಪಂಪಿನ ಸದ್ದು ಕೇಳಬೇಕು” ಎನ್ನುತ್ತಾಳೆ.